ಮಗ್ಗದ ಕುಣಿಯ ಚಿಗರಿಗಳು

ಕಳೆದ ತಿಂಗಳು ರಬಕವಿಯಲ್ಲಿ ನಮ್ಮ ಅಕ್ಕೋರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ನಮ್ಮ ಕಡೆ ಶಾಲೆಯ ಹೆಣ್ಣು ಶಿಕ್ಷಕರನ್ನು ಅಕ್ಕೋರು ಎನ್ನುತ್ತೇವೆ. ಮಾತಾಡಿದವರಲ್ಲಿ ಒಬ್ಬರು ಅವರನ್ನು ಸೌಮ್ಯ ಸ್ವಭಾವದವರು ಎಂದರು. ಇನ್ನೊಬ್ಬರು, ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ಕೊನೆಗೆ ಅವರ ಮೈದುನ, ಸೀರೆ ವ್ಯಾಪಾರದ ದೊಡ್ಡ ಕುಳ, ಮೈಕಿನ ಮುಂದೆ ನಿಂತು, ನಮ್ಮ ವೈನಿಯವರು ಗಣಪತಿಯ ವಾಹನವನ್ನು ಮನೆಯಲ್ಲೇ ಇಟ್ಟುಕೊಂಡು ಭಕ್ತಿಯಿಂದ ಸೇವೆ ಮಾಡಿದ ಪುಣ್ಯಾತ್ಮರು ಎಂದು ಕಣ್ಣೊರೆಸಿಕೊಂಡರು. ಸಭೆ ಚಪ್ಪಾಳೆ ತಟ್ಟಿತು. ಶ್ರದ್ಧಾಂಜಲಿಗೂ ಚಪ್ಪಾಳೆ ತಟ್ಟುವ ಊರು ನಮ್ಮದು.

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕೋರು ಸೌಮ್ಯರಾಗಿದ್ದರೆ ಅವರ ಬಗ್ಗೆ ಬರೆಯುವುದಕ್ಕೆ ನನ್ನ ಹತ್ತಿರ ಏನೂ ಇರುತ್ತಿರಲಿಲ್ಲ. ಮನಸ್ಸು ನೋಯಿಸುವುದನ್ನು ಅವರು ಮಿಂದು ವಿಭೂತಿ ಹಚ್ಚಿದಷ್ಟೇ ನಿಯಮದಿಂದ ದಿನವೂ ಮಾಡುತ್ತಿದ್ದರು. ನೋಯಬೇಕಾದ ಮನಸ್ಸುಗಳನ್ನೇ ಆರಿಸಿಕೊಳ್ಳುತ್ತಿದ್ದರು ಎಂಬುದು ಬೇರೆ ಮಾತು. ಇನ್ನು ಆ ವಾಹನದ ಸೇವೆ. ಅದನ್ನು ಹೇಳಿದ ಬಾಯಿಗೂ ಗೊತ್ತು, ಕೇಳಿ ತಲೆಯಾಡಿಸಿದವರಿಗೂ ಗೊತ್ತು, ನಡೆದದ್ದು ಏನೆಂದು. ಗೊತ್ತಿದ್ದೂ ಹೇಳಿದರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತವಳು. ಎತ್ತರದ ಹೆಂಗಸು, ದಪ್ಪ ಕನ್ನಡಕ. ಓದುವಾಗ ಕನ್ನಡಕ ಹಣೆಯ ಮೇಲಿರುತ್ತಿತ್ತು, ಬಯ್ಯುವಾಗ ಮೂಗಿನ ಮೇಲಿಳಿಯುತ್ತಿತ್ತು. ಬೆಳಗಿನ ಪ್ರಾರ್ಥನೆಯಲ್ಲಿ ನಾವೆಲ್ಲ ಕೈ ಮುಗಿದು ಕಣ್ಣು ಮುಚ್ಚಿ ನಿಂತರೆ ಅವರು ಸಾಲುಗಳ ನಡುವೆ ಬಂದು ತಲೆಗೊಂದು ಮೊಟಕುತ್ತಿದ್ದರು. "ಕಣ್ಣ ತಗೀರಿ. ಯಾರಿಗೆ ಕೈ ಮುಗಿಯಾಕತ್ತೀವಿ ಅನ್ನೂದು ಕಾಣಬೇಕು," ಎನ್ನುತ್ತಿದ್ದರು. ಇದು ನಾಸ್ತಿಕರ ಶಾಲೆಯಾಯಿತೆಂದು ಯಾರೋ ಪಾಲಕರು ದೂರು ಕೊಟ್ಟಾಗ ಮುಖ್ಯಾಧ್ಯಾಪಕರು ಅವರನ್ನು ಕರೆಸಿದರಂತೆ. ನೀವು ಕಣ್ಣು ಮುಚ್ಚಿಕೊಂಡು ರಸ್ತೆ ದಾಟುತ್ತೀರೇನು ಎಂದು ಕೇಳಿ ಅಕ್ಕೋರು ತರಗತಿಗೆ ವಾಪಸ್ ಬಂದರು. ಅವರು ನಾಸ್ತಿಕರೇನೂ ಆಗಿರಲಿಲ್ಲ. ಕಣ್ಣು ಮುಚ್ಚಿದ ಭಕ್ತಿಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ, ಅಷ್ಟೆ.

ಮುಂದೆ ನನ್ನ ಮದುವೆಯಾಗಿ ನಾನು ಸೊಸೆಯಾಗಿ ಹೋದ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ನಮ್ಮದು ಪಾವರ್‌ಲೂಮಿನ ಮನೆ. ಅವರ ಯಜಮಾನರು ಮಾತ್ರ ಕೊನೆಯವರೆಗೂ ಕೈಮಗ್ಗದ ಮೇಲೆ ಇಳಕಲ್ ಸೀರೆ ನೇಯ್ದವರು, ಕುಣಿಮಗ್ಗದವರು. ಕುಣಿಮಗ್ಗ ಎಂದರೆ ನೆಲದಲ್ಲಿ ತೋಡಿ ಕಲ್ಲು ಕಟ್ಟಿದ ಕುಣಿ. ನೇಕಾರ ಅದರ ಅಂಚಿಗೆ ಕೂತು ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾನೆ. ಯಜಮಾನರು ತೀರಿಕೊಂಡ ಮೇಲೆ ಮೈದುನ ಮಗ್ಗದ ಕಟ್ಟಿಗೆ ಬಿಚ್ಚಿಸಿದ. ಕುಣಿ ಮುಚ್ಚಿಸಿ ಅಲ್ಲಿ ಎರಡು ಪಾವರ್‌ಲೂಮು ಹಾಕಬೇಕೆಂದು ಅವನ ಲೆಕ್ಕಾಚಾರ. ಕುಣಿಗೆ ಒಂದು ಬುಟ್ಟಿ ಮಣ್ಣು ಬಿದ್ದರೂ ಸುಮ್ಮನಿರುವುದಿಲ್ಲ ಎಂದು ಅಕ್ಕೋರು ಹೇಳಿದ್ದರು. ಕಡೆಗೆ ಆ ಕುಣಿಗೆ ಮಣ್ಣು ತುಂಬಿದವರು ಅವರೇ.

ಅವರ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿ. ಆಲಮಟ್ಟಿಯ ಹಿನ್ನೀರು ಏರುತ್ತ ಬಂದ ವರ್ಷಗಳವು. ಮನೆ ಅಳೆದರು, ಬಾವಿ ಅಳೆದರು, ಬೇವಿನ ಗಿಡಕ್ಕೂ ಒಂದು ಬೆಲೆ ಬರೆದರು. ಅಣ್ಣತಮ್ಮಂದಿರು ಪುನರ್ವಸತಿಯ ಊರಿಗೆ ಸಾಮಾನು ಸಾಗಿಸಿದರು. ನೀರು ಹೊಲಕ್ಕೆ ಬಂತೆಂದು ಸುದ್ದಿಯಾದಾಗ ಅಕ್ಕೋರು ಕೊನೆಯ ಸಲ ನೋಡಿಬರುತ್ತೇನೆಂದು ಹೋದರು. ತವರಿಗೆ ಹೋದ ಹೆಣ್ಣುಮಕ್ಕಳು ಉಡಿ ತುಂಬಿಸಿಕೊಂಡು ಬರುತ್ತಾರೆ, ಬುತ್ತಿ ಕಟ್ಟಿಸಿಕೊಂಡು ಬರುತ್ತಾರೆ. ಇವರು ಮುಚ್ಚಳಕ್ಕೆ ತೂತು ಹೊಡೆದ ಒಂದು ತಗಡಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಅದರಲ್ಲೇನಿದೆ ಎಂದು ಕಂಡಕ್ಟರ್ ಕೇಳಿದ್ದಕ್ಕೆ ಉಂಡಿ ಎಂದರಂತೆ. ಉಂಡಿಗೆ ತೂತು ಯಾಕೆಂದರೆ, ಅವಕ್ಕೂ ಗಾಳಿ ಬೇಕು ಎಂದರಂತೆ.

ನನ್ನನ್ನು ಕರೆದು ಮುಚ್ಚಳ ತೆಗೆದು ತೋರಿಸಿದರು. ಎರಡು ಇಲಿ. ನಾನು ಹಿಂದಕ್ಕೆ ಜಿಗಿದೆ. "ಹೆದರಬ್ಯಾಡ ನಮ್ಮವ್ವಾ, ಇವು ಚಿಗರಿ," ಎಂದರು. ಅವರ ತವರಿನಲ್ಲಿ ಅದನ್ನು ಚಿಗರಿ ಇಲಿ ಎನ್ನುತ್ತಾರಂತೆ. ಚಿಗರಿ ಎಂದರೆ ಜಿಂಕೆ, ಆಮೇಲೆ ನೋಡಿದರೆ ಹೆಸರು ಸುಳ್ಳಲ್ಲ. ಒಣ ಮಣ್ಣಿನ ಬಣ್ಣದ ಮೈ, ಬೆಳ್ಳಗಿನ ಹೊಟ್ಟೆ, ದೊಡ್ಡ ಕರಿ ಕಣ್ಣು, ಉದ್ದನೆಯ ಹಿಂಗಾಲು, ಬಾಲದ ತುದಿಗೆ ಸೆರಗಿನ ಗೊಂಡೆಯ ಹಾಗೆ ಒಂದು ಕುಚ್ಚು. ಓಡುವುದಕ್ಕಿಂತ ಜಿಗಿಯುವುದೇ ಹೆಚ್ಚು. ಇವನ್ನು ಇಂಗ್ಲಿಷಿನಲ್ಲಿ ಜರ್ಬಿಲ್ ಎನ್ನುತ್ತಾರೆ, ದೊಡ್ಡ ಊರುಗಳಲ್ಲಿ ಇವುಗಳ ಬಳಗದವನ್ನು ಅಂಗಡಿಯಲ್ಲಿ ಕೊಂಡು ಸಾಕುತ್ತಾರೆ ಎಂದು ಶಾಲೆಯ ವಿಜ್ಞಾನದ ಮಾಸ್ತರರು ಅವರಿಗೆ ಹೇಳಿದ್ದರು. ಅಕ್ಕೋರಿಗೆ ಅಂಗಡಿಯ ಹಂಗಿರಲಿಲ್ಲ. ನೀರು ಬಿಲಕ್ಕೆ ನುಗ್ಗಿ, ಬದುವಿನ ತುದಿಯಲ್ಲಿ ಒದ್ದೆಯಾಗಿ ನಡುಗುತ್ತ ಕೂತಿದ್ದವನ್ನು ಸೆರಗಿನಲ್ಲಿ ಹಿಡಿದು ತಂದಿದ್ದರು. "ಮನಿಗಿ ರೊಕ್ಕಾ ಕೊಟ್ರು, ಗಿಡಕ್ಕ ರೊಕ್ಕಾ ಕೊಟ್ರು. ಈ ಒಕ್ಕಲಾ ಯಾರ ಕಣ್ಣಿಗೂ ಬೀಳಲಿಲ್ಲ," ಎಂದರು. ತಮ್ಮನ ಟೆಂಪೋಗೆ ಹೇಳಿ ಅದೇ ಹೊಲದ ಮೇಲ್ಭಾಗದ ಮಣ್ಣನ್ನು ಚೀಲಗಟ್ಟಲೆ ತರಿಸಿದರು. ಮಣ್ಣು ಒಣಗಿಸಿ ಕುಣಿಗೆ ತುಂಬಿದರು, ಮೇಲೆ ಕಬ್ಬಿಣದ ಜಾಳಿಗೆ ಹಾಸಿದರು. ಅವರಿಗೆ ಉಳಿದ ತವರು ಅಂದರೆ ಅಷ್ಟೇ, ಒಂದು ಕುಣಿಯಷ್ಟು.

ನೇಕಾರರ ಓಣಿಯಲ್ಲಿ ಇಲಿ ಸಾಕುವುದೆಂದರೆ ಏನೆಂದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಒಂದು ಇಲಿ ಹಾಸಿನೊಳಗೆ, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟಿದ ನೂಲಿನೊಳಗೆ, ಹೊಕ್ಕರೆ ನೂರಾರು ಎಳೆ ಕಡಿದುಹಾಕುತ್ತದೆ, ಅವನ್ನೆಲ್ಲ ಗಂಟು ಹಾಕುತ್ತ ಕೂರುವವರು ಹೆಂಗಸರು. ಆದ್ದರಿಂದ ಓಣಿ ಸಿಟ್ಟಾದದ್ದು ತಪ್ಪೆಂದು ನಾನು ಹೇಳುವುದಿಲ್ಲ. ನನ್ನ ಅತ್ತೆಯೇ ಜಗಳಕ್ಕೆ ಹೋಗಿದ್ದರು. ಜಾಳಿಗೆಯ ಮೇಲೆ ಹತ್ತಿ ಎಗರಾಡಿ ತೋರಿಸಿ, ಇದರಿಂದ ಹೊರಬಂದು ನಿಮ್ಮ ಒಂದು ಎಳೆ ಕಡಿದರೂ ನನ್ನ ಪಗಾರದಲ್ಲಿ ಕಟ್ಟಿಕೊಡುತ್ತೇನೆ ಎಂದು ಅಕ್ಕೋರು ಮಾತು ಕೊಟ್ಟರು. ಎಂದೂ ಕಟ್ಟುವ ಪ್ರಸಂಗ ಬರಲಿಲ್ಲ.

ಅವರು ಸಹಿಸದೇ ಇದ್ದದ್ದು ಇನ್ನೊಂದನ್ನು. ಚೌತಿಯ ಮರುದಿನ ನಮ್ಮಲ್ಲಿ ಇಲಿವಾರ. ಅಂದು ಮಗ್ಗ ಓಡಿಸುವುದಿಲ್ಲ, ಕತ್ತರಿ ಮುಟ್ಟುವುದಿಲ್ಲ. ಮಗ್ಗದ ಬುಡದಲ್ಲಿ ಕಡಬು ಇಟ್ಟು, ವರ್ಷವಿಡೀ ನಮ್ಮ ನೂಲಿನ ತಂಟೆಗೆ ಬರಬೇಡಪ್ಪಾ ಎಂದು ಇಲಿಗೆ ಕೈ ಮುಗಿಯುತ್ತೇವೆ. ಅದರ ಮರುದಿನ ಅದೇ ಜಾಗದಲ್ಲಿ ಪಾಷಾಣದ ಉಂಡೆ ಇಡುತ್ತೇವೆ. ಒಂದಿನ ಕಡಬು, ಉಳಿದ ದಿನ ಪಾಷಾಣ, ಇದೆಂಥ ನೆಂಟಸ್ತನ ಎಂದು ಅಕ್ಕೋರು ಸಿಕ್ಕಸಿಕ್ಕವರನ್ನು ನಿಲ್ಲಿಸಿ ಕೇಳುತ್ತಿದ್ದರು. ಕೊಲ್ಲುವುದಾದರೆ ಕೊಲ್ಲಿರಿ, ಕೈ ಮುಗಿದು ಮೋಸ ಮಾಡಬೇಡಿರಿ ಎನ್ನುತ್ತಿದ್ದರು. ಉತ್ತರ ಇಲ್ಲದ ಪ್ರಶ್ನೆ ಕೇಳುವವರನ್ನು ಯಾವ ಊರು ತಾನೇ ಪ್ರೀತಿಸುತ್ತದೆ? ಓಣಿಯವರು ಬೆನ್ನ ಹಿಂದೆ ಅವರನ್ನು ಇಲಿ ಅಕ್ಕೋರು ಎಂದರು, ಅದು ಅವರ ಕಿವಿಗೂ ಬಿತ್ತು. ಇಲಿ ಅಲ್ಲ, ಚಿಗರಿ ಎಂದು ತಿದ್ದಿದರು, ವಿದ್ಯಾರ್ಥಿಯ ಉತ್ತರ ತಿದ್ದಿದ ಹಾಗೆ.

ಸಾಕಿದ್ದರಲ್ಲಿ ಸುಖವೂ ಇತ್ತು. ಸಂಜೆ ಶಾಲೆಯಿಂದ ಬಂದು ಚಹಾ ಕುಡಿದು ಅವರು ಕುಣಿಯ ಅಂಚಿಗೆ ಕೂರುತ್ತಿದ್ದರು. ಜೋಳದ ತೆನೆ, ಸೂರ್ಯಕಾಂತಿಯ ಬೀಜ ಹಾಕಿದರೆ ಚಿಗರಿಗಳು ಬಿಲದಿಂದ ಬಂದು ಎರಡೂ ಕೈಯಲ್ಲಿ ಹಿಡಿದು, ನೆಟ್ಟಗೆ ಕೂತು ತಿನ್ನುತ್ತಿದ್ದವು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತಾಗ ಅವಕ್ಕೆ ಗಾಬರಿ. ಆಗ ಹಿಂಗಾಲಿನಿಂದ ನೆಲ ಬಡಿಯುತ್ತಿದ್ದವು, ದಬ್ ದಬ್ ದಬ್. ಗೋಡೆಯಾಚೆ ನಮಗೂ ಕೇಳುತ್ತಿತ್ತು, ಕುಣಿಯಲ್ಲಿ ಯಾರೋ ಕೂತು ತುಳಿಯುತ್ತಿದ್ದಂತೆ. ಒಮ್ಮೆ ನಾನು ಹಾಗೆಂದಾಗ ಅಕ್ಕೋರು, ನಮ್ಮ ಯಜಮಾನರಿಗಿಂತ ಇವೇ ಬಿಗಿಯಾಗಿ ತುಳಿಯುತ್ತವೆ ಎಂದರು. ಅವರು ನಗುವುದು ಅಪರೂಪ. ಅಂದು ನಕ್ಕರು.

ಮರಿಗಳಾದವು. ಮೊದಲ ಸೂಲಿನ ಮರಿಗಳನ್ನು ತಾಯಿಯೇ ತಿಂದುಹಾಕಿತು. ಅದು ಅಕ್ಕೋರಿಗೆ ತಡೆಯಲಾರದ ಆಘಾತ. ಕುಣಿಯ ಮುಂದೆ ಕೂತು ಅದನ್ನು ಹೆಸರಿಟ್ಟು ಬೈದರು, ಹಲವು ದಿನ ಅದಕ್ಕೆ ಬೀಜ ಹಾಕುವಾಗ ಮೋರೆ ತಿರುಗಿಸಿಕೊಂಡೇ ಹಾಕಿದರು. ಮುಂದಿನ ಸೂಲಿನ ಮರಿಗಳು ಉಳಿದವು. ಅದರಲ್ಲಿ ಒಂದನ್ನು ಮೈದುನ, ವ್ಯಾಪಾರಕ್ಕೆ ಬಂದ ಪರಸ್ಥಳದ ಗಿರಾಕಿಗೆ ತೋರಿಸಲೆಂದು ಬಾಲ ಹಿಡಿದು ಎತ್ತಿದ. ಚಿಗರಿಯ ಬಾಲದ ಚರ್ಮ ಬಲು ನಾಜೂಕು, ಕುಚ್ಚಿನ ಸಮೇತ ಸುಲಿದು ಅವನ ಕೈಗೆ ಬಂತು. ಗಿರಾಕಿ ನಕ್ಕ, ಮೈದುನನೂ ನಕ್ಕ. ಅಕ್ಕೋರು ಇಬ್ಬರನ್ನೂ ಹೊರಗೆ ಹಾಕಿ ಬಾಗಿಲು ಹಾಕಿಕೊಂಡರು. ಮರಿಯ ಗಾಯಕ್ಕೆ ಅರಿಸಿನ ಹಚ್ಚಿ ಬದುಕಿಸಿದರು. ಒಣಗಿದ ಬಾಲ ಉದುರಿ ಮೋಟಾಯಿತು, ಅದರ ಹೆಸರೇ ಮೋಟ ಎಂದಾಯಿತು. ಬಾಲ ಇಲ್ಲದ್ದರಿಂದ ಜಿಗಿದಾಗ ಒಂದು ಪಕ್ಕಕ್ಕೆ ವಾಲಿ ಬೀಳುತ್ತಿತ್ತು. ಮನುಷ್ಯರ ನೆರಳು ಕಂಡರೆ ಸಾಕು, ಕುಣಿಯ ಮೇಲ್ಭಾಗದ ಕಲ್ಲಿನ ಸಂದಿಯಲ್ಲಿ ಹೊಕ್ಕು ಕೂರುತ್ತಿತ್ತು. ಅವರಿಗೆ ಅದರ ಮೇಲೇ ಹೆಚ್ಚು ಜೀವ.

ಆ ವರ್ಷ ಮೈದುನನ ಗೋದಾಮಿಗೆ ಇಲಿ ನುಗ್ಗಿ ಸೀರೆಯ ಗಂಟುಗಳನ್ನು ಕಡಿದವು. ಮನೆಯಲ್ಲೇ ಗಣಪತಿಯ ವಾಹನವಿದ್ದೂ ನೀನು ಅದನ್ನು ಹೀನಾಯ ಮಾಡಿದ್ದಕ್ಕೆ ಹೀಗಾಯಿತು ಎಂದು ಯಾರೋ ಹಿರಿಯರು ಅವನಿಗೆ ಹೇಳಿದರು. ಅಲ್ಲಿಯವರೆಗೆ ಕುಣಿ ಮುಚ್ಚಿಸಬೇಕೆಂದು ಹಟ ಹಿಡಿದವನು ರಾತ್ರೋರಾತ್ರಿ ಭಕ್ತನಾದ. ಮಣ್ಣಿನ ಇಲಿಗೆ ಯಾಕೆ ಪೂಜೆ, ನಮ್ಮ ಮನೆಯಲ್ಲಿ ಜೀವಂತ ಇವೆಯಲ್ಲ ಎಂದು ಇಲಿವಾರದ ದಿನ ಓಣಿಗೆಲ್ಲ ಹೇಳಿಕಳಿಸಿದ. ಅಕ್ಕೋರು ಶಾಲೆಗೆ ಹೋದ ಹೊತ್ತು ನೋಡಿ ಹೇಳಿಕಳಿಸಿದ, ತನ್ನ ಹತ್ತಿರವಿದ್ದ ಇನ್ನೊಂದು ಕೀಲಿಯಿಂದ ಅವರ ಬಾಗಿಲು ತೆಗೆದ, ಅದನ್ನೂ ಬರೆದಿಡುತ್ತೇನೆ.

ನಾನು ಚೌತಿಗೆಂದು ಮುಧೋಳದ ತವರಿಗೆ ಹೋಗಿದ್ದವಳು ಅಂದು ಸಂಜೆಯ ಬಸ್ಸಿಗೆ ಬಂದೆ. ಓಣಿಯ ಮೂಲೆಯಲ್ಲಿ ಅಕ್ಕೋರು ಸಿಕ್ಕರು, ಇಬ್ಬರೂ ಮಾತಾಡುತ್ತ ಬಂದೆವು. ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಅಷ್ಟು ಚಪ್ಪಲಿ ಗುಡಿಯ ಮುಂದಿರುತ್ತವೆ, ಇಲ್ಲವೇ ಸಾವಿನ ಮನೆಯ ಮುಂದಿರುತ್ತವೆ. ಅಕ್ಕೋರ ಕನ್ನಡಕ ಮೂಗಿನ ಮೇಲಿಳಿಯಿತು.

ಒಳಗೆ ಊದುಬತ್ತಿ, ಕರ್ಪೂರದ ಹೊಗೆ. ಜಾಳಿಗೆ ಸರಿಸಿಟ್ಟಿದ್ದರು. ಕುಣಿಯ ಮಣ್ಣಿನ ಮೇಲೆ ಕಡಬು, ಕುಂಕುಮ, ಹೂವು. ಓಣಿಯ ಹೆಂಗಸರು ಸಾಲುಗಟ್ಟಿ ಬಂದು ತಂಬಿಗೆಯಿಂದ ಬಿಲಗಳಿಗೆ ಹಾಲು ಎರೆಯುತ್ತಿದ್ದರು. ಪಂಚಮಿಗೆ ಹುತ್ತಕ್ಕೆ ಎರೆದು ಎರೆದು ರೂಢಿಯಾದ ಕೈಗಳು. ಮಣ್ಣಿನಲ್ಲಿ ತೂತು ಕಂಡರೆ ಹಾಲು ಎರೆಯಬೇಕು ಎಂಬುದನ್ನು ಆ ಕೈಗಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಧ್ಯಾಹ್ನದಿಂದ ಎರೆದಿದ್ದರು. ಒಣ ನೆಲದ ಜೀವಗಳ ಆ ಒಣ ಮಣ್ಣು ಗಂಜಿಯಾಗಿತ್ತು, ಬಿಲಗಳೆಲ್ಲ ಕುಸಿದಿದ್ದವು. ಎರೆಯುತ್ತಿದ್ದವರ ಕಣ್ಣು ಮುಚ್ಚಿದ್ದವು.

ಅಕ್ಕೋರು ಚೀಲ ಕೆಳಗಿಟ್ಟು, ಯಜಮಾನರು ಕೂರುತ್ತಿದ್ದ ಅಂಚಿಗೆ ಕೂತು, ಕಾಲನ್ನು ಆ ಹಾಲುಗೆಸರಿಗೆ ಇಳಿಬಿಟ್ಟು ಎರಡೂ ಕೈಯಿಂದ ಬಗೆಯತೊಡಗಿದರು. ಒಂದೊಂದನ್ನೇ ತೆಗೆದು ಉಡಿಯಲ್ಲಿಟ್ಟುಕೊಂಡರು. ಯಾವುದರಲ್ಲೂ ಉಸಿರಿರಲಿಲ್ಲ. ಒಬ್ಬ ಹೆಂಗಸು ತಂಬಿಗೆ ಹಿಡಿದವಳು ಎರೆಯಬೇಕೋ ಬಿಡಬೇಕೋ ತಿಳಿಯದೆ ಹಾಗೇ ನಿಂತಿದ್ದಳು. ಮೈದುನ ಮುಂದೆ ಬಂದ.

"ವೈನಿ, ಸಂಕಟಾ ಪಡಬ್ಯಾಡ್ರಿ. ಹಾಲಿನ್ಯಾಗ ಮುಕ್ತಿ ಸಿಕ್ಕೈತಿ. ಪುಣ್ಯದ ಜೀವಾ ಅವು."

"ಹಂಗಾರ ನಿನಗೂ ಒಂದು ಕೊಡಾ ತರಸ್ತೇನಿ," ಎಂದರು ಅಕ್ಕೋರು, ತಲೆ ಎತ್ತದೆ. "ಮೂಗು ಹಿಡಕೊಂಡು ಇಲ್ಲೇ ಕುಂದರು."

ಆಮೇಲೆ ಎಲ್ಲರ ಕಡೆ ನೋಡಿದರು. ಅಲ್ಲಿದ್ದ ಬಹುತೇಕ ಹೆಂಗಸರಿಗೆ ಅವರು ಅಕ್ಷರ ಕಲಿಸಿದ್ದರು. "ನೀರಾಗಿಂದ ಎತ್ತಿ ತಂದಿದ್ನಿ. ನೀವು ಹಾಲಾಗ ಮುಳುಗಿಸಿದ್ರಿ. ಪಾಷಾಣಾ ಹಾಕಿದ್ರ ನಿಮ್ಮ ಕೂಡ ಜಗಳಾ ಆಡತಿದ್ನಿ. ಈಗ ಯಾರ ಕೂಡ ಆಡ್ಲಿ?"

ನನ್ನ ಸಿಟ್ಟು ಇಂದಿಗೂ ಇಳಿಯದಿರುವುದು ಇದೇ ಕಾರಣಕ್ಕೆ. ದ್ವೇಷದಿಂದ ಮಾಡಿದ್ದರೆ ಫಿರ್ಯಾದಿ ಕೊಡಬಹುದಿತ್ತು. ಭಕ್ತಿಯಿಂದ ಕೊಂದವರ ಮೇಲೆ ಯಾವ ಠಾಣೆಯಲ್ಲಿ ಬರೆಸಿಕೊಳ್ಳುತ್ತಾರೆ? ತಂಬಿಗೆ ಹಿಡಿದು ಬಂದವರೆಲ್ಲ ಒಳ್ಳೆಯವರೇ. ಮಕ್ಕಳಿಗೆ ಹಾಲು ಕಡಿಮೆ ಮಾಡಿ ತಂದವರೂ ಇದ್ದರು. ಒಳ್ಳೆಯವರಾಗಿ ಕಣ್ಣು ಮುಚ್ಚಿಕೊಂಡರೆ ಏನಾಗುತ್ತದೆ ಎಂದು ಹೇಳಿಕೊಟ್ಟ ಅಕ್ಕೋರ ಮನೆಯಲ್ಲೇ ಅವರು ಅದನ್ನು ಮಾಡಿ ತೋರಿಸಿದರು.

ಮರುದಿನ ಬೆಳಿಗ್ಗೆ ಅಕ್ಕೋರು ಕೆಸರಿನಿಂದ ಆರಿಸಿದ ಕಡಬುಗಳನ್ನು ಬುಟ್ಟಿಗೆ ತುಂಬಿಕೊಂಡು ಮನೆಮನೆಗೆ ಹೋದರು. ಬಾಗಿಲು ಬಡಿದು, ನಿಮ್ಮ ದೇವರು ಉಂಡಿಲ್ಲ, ವಾಪಸ್ ತಗೊಳ್ಳಿರಿ ಎಂದು ಒಂದೊಂದು ಕಡಬು ಕೊಟ್ಟರು. ಬಾಗಿಲು ತೆರೆದ ಹೆಂಗಸರು ಶಾಲೆಯಲ್ಲಿ ಛಡಿಯೇಟಿಗೆ ಕೈ ಒಡ್ಡಿದ ಹಾಗೆ ಒಡ್ಡಿ ತೆಗೆದುಕೊಂಡರು. ನನ್ನ ಅತ್ತೆಯೂ ತೆಗೆದುಕೊಂಡರು. ಅದನ್ನು ಚೆಲ್ಲಬೇಕೋ ಇಡಬೇಕೋ ತಿಳಿಯದೆ ದಿನವಿಡೀ ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಮೈದುನನ ಮನೆಗೆ ಹೋದದ್ದು ಕಡೆಗೆ. ಉಳಿದದ್ದೆಲ್ಲವನ್ನೂ ಬುಟ್ಟಿ ಸಮೇತ ಅಲ್ಲೇ ಸುರಿದು ಬಂದರು. ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸದ ಅಕ್ಕೋರ ಕಥೆ ಇದು.

ಉಳಿದದ್ದು ಮೋಟ ಒಂದೇ. ಮನುಷ್ಯರಿಗೆ ಹೆದರುವ ಅದರ ಅಭ್ಯಾಸವೇ ಅದನ್ನು ಕಾಯ್ದಿತ್ತು. ಮೇಲಿನ ಕಲ್ಲಿನ ಸಂದಿಗೆ ಹಾಲು ಏರಿರಲಿಲ್ಲ. ಮುಂದಿನ ಭಾನುವಾರ ಅಕ್ಕೋರು ಅದನ್ನು ಅದೇ ತಗಡಿನ ಡಬ್ಬಿಗೆ ಹಾಕಿ ನನ್ನನ್ನು ಜೊತೆಗೆ ಕರೆದರು. ಜಮಖಂಡಿಯಲ್ಲಿ ಬಸ್ಸು ಬದಲಿಸಿ ಬೀಳಗಿಯ ಕಡೆ ಹೋದೆವು. ಅವರ ಊರಿನ ರಸ್ತೆ ಒಂದು ಕಡೆ ಹಾಗೇ ನೀರಿಗೆ ಇಳಿದುಹೋಗುತ್ತದೆ. ನೀರಿನಾಚೆ ಏನೂ ಕಾಣುವುದಿಲ್ಲ, ಒಂದು ಒಣಗಿದ ಮರದ ತುದಿ ಬಿಟ್ಟರೆ. ಅಕ್ಕೋರು ಅದರ ಕಡೆ ಬಹಳ ಹೊತ್ತು ನೋಡಲಿಲ್ಲ. ನೀರಿನ ಮಟ್ಟದ ಗುರುತಿನ ಕಲ್ಲು ದಾಟಿ, ದಿನ್ನೆಯೇರಿ, ಒಂದು ತೊಗರಿ ಹೊಲದ ಬದುವಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದರು.

ಮೋಟ ಹೊರಬಂದು ಕೂತಿತು, ಹೋಗಲಿಲ್ಲ. ಅಕ್ಕೋರು ಅಳುತ್ತಿದ್ದರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಸಿಟ್ಟಿನಿಂದಲೇ ಅಳುತ್ತಿದ್ದರು. ಬಗ್ಗಿ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ ಅದಕ್ಕೆ ಹೇಳಿದರು.

"ಹೋಗಲೇ. ಹದ್ದು ಬಂದ್ರ ಓಡು, ಹಾವು ಬಂದ್ರ ಓಡು. ಯಾರರ ಕೈ ಮುಗೀಲಿಕ್ಕೆ ಬಂದ್ರಂತೂ ನಿಲ್ಲಾಕ ಹೋಗಬ್ಯಾಡ."

ಮೋಟ ಜಿಗಿಯಿತು, ಒಂದು ಪಕ್ಕಕ್ಕೆ ವಾಲಿತು, ಮತ್ತೆ ಜಿಗಿದು ತೊಗರಿಯೊಳಗೆ ಹೋಯಿತು. ಖಾಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅಕ್ಕೋರು ಬಸ್ಸಿನಲ್ಲಿ ವಾಪಸ್ ಬಂದರು. ಆಮೇಲೆ ಅವರು ಏನನ್ನೂ ಸಾಕಲಿಲ್ಲ. ಕೆಸರು ಎತ್ತಿಸಿದ ಕುಣಿಯನ್ನು ಮುಚ್ಚಲೂ ಬಿಡಲಿಲ್ಲ, ಬದುಕಿರುವವರೆಗೆ ಅದು ಖಾಲಿಯೇ ಇತ್ತು.

ಇಷ್ಟು ನಡೆದದ್ದು. ಈಗ ಸಭೆಗೆ ಬರುತ್ತೇನೆ. ಮಾತು ಮುಗಿಸುವ ಮುನ್ನ ಮೈದುನ ಒಂದು ಘೋಷಣೆ ಮಾಡಿದ. ಅಕ್ಕೋರ ನೆನಪಿಗೆ ಆ ಕುಣಿ ಮುಚ್ಚಿ ಮೇಲೊಂದು ಕಟ್ಟೆ ಕಟ್ಟಿ, ಕಲ್ಲಿನ ಇಲಿ ಕೂರಿಸಿ, ಪ್ರತಿ ಇಲಿವಾರ ಹಾಲಿನ ಅಭಿಷೇಕ ಮಾಡಿಸುತ್ತಾನಂತೆ. ಮತ್ತೆ ಚಪ್ಪಾಳೆ. ಆಮೇಲೆ ಎಲ್ಲರೂ ಸಾಲಾಗಿ ಬಂದು, ಕುರ್ಚಿಯ ಮೇಲಿಟ್ಟ ಫೋಟೋಗೆ ಹೂವು ಹಾಕಿ, ಕುಂಕುಮ ಹಚ್ಚಿ, ಕಣ್ಣು ಮುಚ್ಚಿ ಕೈ ಮುಗಿದರು. ಫೋಟೋದಲ್ಲಿ ಅಕ್ಕೋರ ಕನ್ನಡಕ ಮೂಗಿನ ಮೇಲಿತ್ತು. ಹಚ್ಚಿದ ಕುಂಕುಮ ಗಾಜಿನ ಮೇಲೆ ಉದುರುತ್ತ ಬಂದು ಎರಡೂ ಕಣ್ಣು ಮುಚ್ಚಿಹೋಗಿದ್ದವು.

ನನ್ನ ಸರದಿ ಬಂತು. ಮೈದುನ ಕುಂಕುಮದ ತಾಟು ನನ್ನ ಮುಂದೆ ಹಿಡಿದ. ನಾನು ಮುಟ್ಟಲಿಲ್ಲ.

"ಕಣ್ಣ ತಗದು ನೋಡ್ರಿ ಸಾಹುಕಾರ್ರ," ಎಂದೆ. "ಯಾರಿಗೆ ಹಚ್ಚಾಕತ್ತೀರಿ?"

ಕೈ ಮುಗಿಯಲು ಬಂದವರ ಮುಂದೆ ನಿಲ್ಲಬೇಡ ಎಂದು ಮೋಟಕ್ಕೆ ಹೇಳಿದ್ದವರು ಅಕ್ಕೋರೇ, ಆದರೆ ಕುರ್ಚಿಯ ಮೇಲಿನ ಫೋಟೋ ಎಲ್ಲಿಗೆ ಓಡೀತು? ನಾನು ಕೈ ಮುಗಿಯಲಿಲ್ಲ. ಸೆರಗಿನ ತುದಿ ಹಿಡಿದು ಗಾಜಿನ ಮೇಲಿನ ಕುಂಕುಮವನ್ನು, ಅವರ ಎರಡೂ ಕಣ್ಣು ಕಾಣುವವರೆಗೆ, ಒರೆಸಿದೆ.